ಶುಕ್ರವಾರದ ಚೀಟಿ

ಒಳಗಿನಿಂದ ಡಾಕ್ಟರು ‘ಅಮ್ಮ, ಒಂದ್ನಿಮಿಷ ಬರ್ತೀರಾ’ ಎಂದು ಕರೆದಾಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳಿಗೆ ಹೆದರಿಕೆಯಾದದ್ದೇ ಅದಕ್ಕೆ. ಸಿಟ್ಟಿಲ್ಲದ ದನಿಯಲ್ಲಿ ಕರೆಯುವವರು ಎಲ್ಲಿಯವರೆಗೆ ಹೋಗಬಲ್ಲರು ಎಂಬುದರಲ್ಲಿ ಅವಳಿಗೆ ಇಪ್ಪತ್ತೆರಡು ವರ್ಷದ ಅನುಭವವಿತ್ತು. ಒರೆಸುತ್ತಿದ್ದ ಫ್ರೇಮನ್ನು ಇನ್ನೊಮ್ಮೆ ಒರೆಸಿ, ಗಾಜಿನ ಕಪಾಟಿನಲ್ಲಿ ಅದರ ಜಾಗದಲ್ಲೇ ಇಟ್ಟು ಒಳಗೆ ಹೋದಳು. ಕಣ್ಣು ಪರೀಕ್ಷೆಯ ಆ ಇಕ್ಕಟ್ಟು ಕೋಣೆಯಲ್ಲಿ ಮೇಜಿನ ಕೆಳಖಾನೆ ಬಾಯಿ ತೆರೆದುಕೊಂಡಿತ್ತು. ಮೇಜಿನ ಮೇಲೆ ಒಂಬತ್ತು ಬಿಳಿ ಲಕೋಟೆಗಳು. ಎಂಟು ಅಂಟಿಸಿದ ಹಾಗೇ ಇದ್ದವು, ಒಂದರ ಹೊಟ್ಟೆ ಸೀಳಿತ್ತು. ಅವಳು ಈ ಕನ್ನಡಕದ ಅಂಗಡಿಯ ಕೌಂಟರಿಗೆ ಬಂದು ಒಂಬತ್ತು ವಾರ. ವಾರಕ್ಕೊಂದರಂತೆ ಶುಕ್ರವಾರ ಸಂಜೆ ಹೊರಡುವ ಮೊದಲು ಡಾಕ್ಟರ ಮೇಜಿನ ಮೇಲೆ ಇಟ್ಟುಹೋದ ಲಕೋಟೆಗಳು. ಅಂಗಡಿಯ ಯಜಮಾನರೇ ಕಣ್ಣು ನೋಡುವುದರಿಂದ ಎಲ್ಲರ ಬಾಯಲ್ಲೂ ಡಾಕ್ಟರು; ವಯಸ್ಸಿನಲ್ಲಿ ಅವಳಿಗಿಂತ ಹತ್ತು ವರ್ಷವಾದರೂ ಚಿಕ್ಕವರು. ಲೆನ್ಸ್ ಕಂಪನಿಯ ಜಾಹೀರಾತೆಂದುಕೊಂಡು ಅವನ್ನೆಲ್ಲ ಖಾನೆಗೆ ತಳ್ಳುತ್ತ ಬಂದಿದ್ದರಂತೆ. ಇವತ್ತು ಸಣ್ಣ ಸ್ಕ್ರೂಡ್ರೈವರ್ ಹುಡುಕುವಾಗ ಒಂದು ಕೈಗೆ ಸಿಕ್ಕಿ, ಬಿಚ್ಚಿ ನೋಡಿದ್ದರು.

ಬಿಚ್ಚಿದ ಚೀಟಿ ಅವರ ಬೆರಳುಗಳ ನಡುವೆ ಇತ್ತು. ಓದಬೇಕಾಗಿರಲಿಲ್ಲ, ಅವಳಿಗೆ ಬಾಯಿಪಾಠ. ಈ ವಾರದ ತಪ್ಪುಗಳು. ಸೋಮವಾರ, ಒಬ್ಬರ ಎಡಗಣ್ಣಿನ ಪವರನ್ನು ಬಲಗಣ್ಣಿನ ಜಾಗದಲ್ಲಿ ಹಾಕಿ, ಯಾರೂ ನೋಡುವ ಮೊದಲು ಸರಿಮಾಡಿದೆ. ಬುಧವಾರ, ಕಂಪ್ಯೂಟರಿನಲ್ಲಿ ಕೆಲಸಕ್ಕೆ ಸಂಬಂಧವಿಲ್ಲದ ಪುಟವೊಂದನ್ನು ನೋಡಿದೆ, ಹಕ್ಕಿಗಳದ್ದು, ಸುಮಾರು ನಾಲ್ಕು ನಿಮಿಷ. ಗುರುವಾರ, ಒಬ್ಬ ಗಿರಾಕಿಯನ್ನು ಮನಸ್ಸಿನಲ್ಲೇ ಬೈದೆ. ಪಾಸ್‌ವರ್ಡ್ ಈ ವಾರವೂ ಬದಲಾಗಿಲ್ಲ. ಅದರ ಕೆಳಗೆ ಪಾಸ್‌ವರ್ಡು, ಯಾರಿಗೂ ಅನುಮಾನ ಬರದಂಥ ದುಂಡಗಿನ ಅಕ್ಷರಗಳಲ್ಲಿ.

‘ಅಮ್ಮ, ಇದನ್ನೆಲ್ಲ ನಾನು ಕೇಳಿದ್ನಾ?’

‘ಕೇಳೋ ಹಾಗೆ ಮಾಡ್ಕೋಬಾರ್ದಲ್ವಾ ಸಾರ್. ಕೇಳೋಕ್ಮುಂಚೆ ಕೊಡ್ಬೇಕು.’

ಡಾಕ್ಟರು ಚೀಟಿಯನ್ನು ಮಡಚಿದರು, ಬಿಡಿಸಿದರು. ಕೊನೆಗೆ ಯಾವ ಗಿರಾಕಿ ಎಂದು ಕೇಳಿದರು. ನಲವತ್ತು ಫ್ರೇಮು ಇಳಿಸಿ, ನಲವತ್ತನ್ನೂ ಹಾಕಿ ನೋಡಿ, ಒರೆಸುವ ಬಟ್ಟೆ ಪುಕ್ಕಟೆ ಕೊಡ್ತೀರಾ ಎಂದು ಇಸಿದುಕೊಂಡು ಹೋದವರು ಎಂದಳು. ‘ಅವರನ್ನ ನಾನೂ ಬೈದಿದೀನಿ ಬಿಡಿ’ ಎಂದರು ಡಾಕ್ಟರು. ಆಮೇಲೆ ಎಂಟು ಲಕೋಟೆಗಳನ್ನು ಇಸ್ಪೀಟಿನ ಎಲೆಯ ಹಾಗೆ ಒಟ್ಟುಮಾಡಿ, ಒಂಬತ್ತನೆಯದನ್ನು ಮೇಲಿಟ್ಟು, ಎರಡೂ ಕೈಯಲ್ಲಿ ಅವಳ ಕಡೆ ಚಾಚಿದರು. ಇವು ನಿಮ್ಮವು, ನನ್ನ ಹತ್ರ ಇರಬಾರ್ದು ಅಂದರು. ಪಾಸ್‌ವರ್ಡಿನ ವಿಷಯವನ್ನು ಕಂಪ್ಯೂಟರ್ ನೋಡೋ ಮಾಮ ಬಂದಾಗ ಮಾತಾಡೋಣ ಅಂದರು. ಅಷ್ಟೇ.

ಅಷ್ಟೇ ಎಂಬುದು ಅಷ್ಟು ಬೇಗ ಮುಗಿಯುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಕೌಂಟರಿಗೆ ಬಂದು ಕೂತು, ಮುಂದಿನದಕ್ಕೆ ಕಾದಳು. ಬಳಗದಲ್ಲಿ ಯಾವುದೂ ಹೀಗೆ ಮುಗಿಯುತ್ತಿರಲಿಲ್ಲ. ಬಳಗವೆಂದರೆ ಬಂಧುಬಳಗವಲ್ಲ, ಬಂಧುಗಳನ್ನು ಬಿಡಿಸಿ ಬಳಗವನ್ನಷ್ಟೇ ಉಳಿಸಿಕೊಂಡ ಒಂದು ಪ್ರಾರ್ಥನೆಯ ಸಂಸ್ಥೆ. ಅಲ್ಲಿ ಎಲ್ಲರೂ ಎಲ್ಲರಿಗೂ ಅಣ್ಣ, ಎಲ್ಲರೂ ಎಲ್ಲರಿಗೂ ಅಕ್ಕ. ಒಡಹುಟ್ಟಿದವರನ್ನು ಮಾತ್ರ ಹಾಗೆ ಕರೆಯುವಂತಿರಲಿಲ್ಲ, ಅದು ಪಕ್ಷಪಾತವಾಗುತ್ತಿತ್ತು. ಹಿರಿಯಣ್ಣನೆಂದು ಎಲ್ಲರೂ ತಲೆಬಾಗುತ್ತಿದ್ದವರು ಅವಳಿಗಿಂತ ಆರು ವರ್ಷ ಕಿರಿಯರು. ಶುಕ್ರವಾರ ಅವರಿಗೆ ಚೀಟಿ ಕೊಡಬೇಕು. ಮಾಡಿದ್ದು, ಆಡಿದ್ದು, ಅಂದುಕೊಂಡದ್ದು. ಅಂದುಕೊಳ್ಳದಿದ್ದ ವಾರ ಅಂದುಕೊಳ್ಳದ್ದಕ್ಕೂ ಒಂದು ಸಾಲು. ಎಂಟು ತಿಂಗಳ ಹಿಂದೆ ಗಂಡನನ್ನೂ ಅಲ್ಲೇ ಬಿಟ್ಟು, ಒಂದು ಚೀಲ ಹಿಡಿದುಕೊಂಡು ಹೊರಬಂದಾಗ ಅವಳು ಪ್ರಾರ್ಥನೆ ಬಿಟ್ಟಳು, ಬಿಳಿ ಬಟ್ಟೆ ಬಿಟ್ಟಳು, ಹಿರಿಯಣ್ಣನ ಫೋಟೋವನ್ನು ಮುಖ ಕೆಳಗೆ ಮಾಡಿ ಬಿಟ್ಟುಬಂದಳು. ಶುಕ್ರವಾರ ಮಾತ್ರ ಬಿಡಲಿಲ್ಲ. ಹೆಂಗಸರ ಹಾಸ್ಟೆಲಿನ ಕೋಣೆಯಲ್ಲಿ ಕೂತು ಆರು ತಿಂಗಳು ಶುಕ್ರವಾರ ಶುಕ್ರವಾರ ಬರೆದ ಚೀಟಿಗಳನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಹರಿದಿದ್ದಳು. ಕೆಲಸ ಸಿಕ್ಕಿದಾಗ ಸಂಬಳಕ್ಕಿಂತ ಹೆಚ್ಚಾಗಿ, ಚೀಟಿ ಕೊಡಲು ಒಬ್ಬರು ಸಿಕ್ಕರೆಂಬ ಸಮಾಧಾನವಾಗಿತ್ತು. ಈಗ ಆ ಒಬ್ಬರು ಚೀಟಿಯನ್ನು ತಿರುಗಿ ಕೊಟ್ಟಿದ್ದರು. ಎಂಟನ್ನು ಓದದೆಯೇ. ತನ್ನ ಎಂಟು ವಾರದ ಪಾಪಗಳಲ್ಲಿ ಯಾರಿಗೂ ಕುತೂಹಲವಿಲ್ಲ ಎಂಬುದು ಮೊದಲು ಅವಮಾನದ ಹಾಗೆ ಕಿವಿ ಬಿಸಿಮಾಡಿತು. ಆಮೇಲೆ ನಿಧಾನವಾಗಿ, ಬಿಗಿ ಚಪ್ಪಲಿಯಿಂದ ಕಾಲು ತೆಗೆದ ಹಾಗೆ, ಬೇರೇನೋ ಆಯಿತು.

ಮಾಮ ಹನ್ನೊಂದಕ್ಕೆ ಬಂದರು. ಆ ಬೀದಿಯ ಏಳೆಂಟು ಅಂಗಡಿಗಳ ಕಂಪ್ಯೂಟರುಗಳ ಮೈ ಸರಿಯಿಲ್ಲದಾಗ ಬರುವವರು ಅವರೇ. ಯಾರು ಏನು ಹೇಳಿದರೂ ಮೊದಲು ‘ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರಾ’ ಎಂದು ಕೇಳುವುದರಿಂದ ಬೀದಿಯವರು ರೀಸ್ಟಾರ್ಟ್ ಮಾಮ ಎಂದು ಹೆಸರಿಟ್ಟಿದ್ದರು. ಅರವತ್ತು ದಾಟಿದ, ಕುತ್ತಿಗೆಗೆ ಕನ್ನಡಕ ನೇತುಹಾಕಿಕೊಂಡ, ಮೌಸಿನ ಜೊತೆ ‘ಎಲ್ಲೋದ್ಯೋ ಮಾರಾಯ’ ಎಂದು ಮಾತಾಡುವ ಮನುಷ್ಯ. ಅವಳಿಗೆ ಕೌಂಟರಮ್ಮ ಎಂದು ಹೆಸರಿಟ್ಟವರೂ ಅವರೇ. ಬಂದ ಮೊದಲ ವಾರ, ಅವಳು ಏನೋ ಒತ್ತಿ ಒಂದು ಇಡೀ ಪುಟ ಮಾಯವಾಗಿ, ಎದೆ ಹಿಡಿದುಕೊಂಡು ಎದ್ದು ನಿಂತಿದ್ದಾಗ, ಕಂಟ್ರೋಲ್ ಮತ್ತು ಝಡ್ ಎರಡನ್ನೂ ಒಟ್ಟಿಗೆ ಒತ್ತಿಸಿ ಪುಟವನ್ನು ವಾಪಸ್ ತರಿಸಿದ್ದರು. ಮಾಡಿದ್ದನ್ನು ಮಾಡದಿದ್ದ ಹಾಗೆ ಮಾಡುವ ಗುಂಡಿ. ಬಳಗದಲ್ಲಿ ಕಂಟ್ರೋಲ್ ಬೇಕಾದಷ್ಟಿತ್ತು, ಝಡ್ ಇರಲಿಲ್ಲ.

ಡಾಕ್ಟರು ಅವರಿಗೆ ಚೀಟಿಯ ವಿಷಯ ಎಷ್ಟು ಹೇಳಿದ್ದರೋ, ಮಾಮ ನಗಲಿಲ್ಲ. ಸ್ಟೂಲು ಎಳೆದುಕೊಂಡು ಕೂತು, ಹೊಸ ಪಾಸ್‌ವರ್ಡ್ ಹಾಕುವ ಜಾಗ ತೆರೆದುಕೊಟ್ಟರು.

‘ಇದನ್ನ ಡಾಕ್ಟ್ರಿಗೂ ಹೇಳ್ಬೇಡಿ. ನನಗೂ ಹೇಳ್ಬೇಡಿ. ನಾನು ಕೇಳಿದ್ರೂ ಹೇಳ್ಬೇಡಿ. ಅದ್ರಲ್ಲೂ ನಾನೇ ಕೇಳಿದ್ರೆ ಖಂಡಿತ ಹೇಳ್ಬೇಡಿ.’

ಹೇಳಿ, ಎದ್ದು, ಅವಳಿಗೆ ಬೆನ್ನು ಮಾಡಿ ಗೋಡೆಯ ಕಡೆ ತಿರುಗಿ ನಿಂತುಬಿಟ್ಟರು. ಅವಳು ಕೀಬೋರ್ಡಿನಿಂದ ಕೈ ತೆಗೆದಳು. ಬಳಗದ ಪಡಸಾಲೆಯಲ್ಲಿ ಹೀಗೇ ತಿರುಗುತ್ತಿದ್ದರು, ಅರವತ್ತು ಜನ ಒಟ್ಟಿಗೆ, ಯಾರೂ ಹೇಳದೆ. ತಪ್ಪು ಮಾಡಿದವರು ಬಾಗಿಲಲ್ಲಿ ಬಂದು ನಿಂತರೆ ಅರವತ್ತು ಬೆನ್ನುಗಳು. ಊಟದ ತಟ್ಟೆ ಕೊಡುವವರೂ ಮುಖ ತಿರುಗಿಸಿಯೇ ಕೈ ಚಾಚುತ್ತಿದ್ದರು. ಒಂದು ಸಲ ಹದಿನೇಳು ದಿನ ಅವಳು ಬೆನ್ನುಗಳನ್ನೇ ನೋಡುತ್ತ ಬದುಕಿದ್ದಳು; ಕೊನೆಗೆ ಬೆನ್ನು ನೋಡಿಯೇ ಯಾರು ಯಾರೆಂದು ಹೇಳುವಷ್ಟು ಪಳಗಿದ್ದಳು, ಗಂಡನದಂತೂ ದೂರದಿಂದಲೇ ಗೊತ್ತಾಗುತ್ತಿತ್ತು, ಬಲಭುಜ ಸ್ವಲ್ಪ ಕೆಳಗೆ. ‘ನಾನೇನ್ ಮಾಡ್ದೆ?’ ಎಂದು ಕೇಳಿದಳು. ಕೇಳುವಾಗ ಅವಳ ದನಿ ಆ ಪಡಸಾಲೆಯ ದನಿಯೇ ಆಗಿತ್ತು.

‘ನೀವೇನ್ ಮಾಡಿದ್ರಿ? ಏನಿಲ್ಲ. ಹೊಡೀರಿ’ ಎಂದರು ಮಾಮ ಗೋಡೆಗೆ. ‘ಬೇರೆಯವರು ಪಾಸ್‌ವರ್ಡ್ ಹೊಡೆಯೋವಾಗ ನೋಡ್ಬಾರ್ದು.’

ಅವರು ಗೋಡೆಯ ಮೇಲಿನ ಫ್ರೇಮುಗಳನ್ನು ಎಣಿಸತೊಡಗಿದರು. ನಿಜವಾಗಿಯೂ ಎಣಿಸುತ್ತಿದ್ದರು, ಬೆರಳು ಮಡಚಿ. ಅವಳು ಆ ಬೆನ್ನನ್ನು ನೋಡುತ್ತ ಕೂತಳು. ಅಂಗಿಯ ಕಾಲರು ಒಂದು ಕಡೆ ಮೇಲೆದ್ದಿತ್ತು. ಇಷ್ಟು ವರ್ಷ ಬೆನ್ನುಗಳನ್ನು ಓದಿದವಳಿಗೆ ಈ ಬೆನ್ನು ಯಾವ ಭಾಷೆಯದ್ದೆಂದೇ ತಿಳಿಯಲಿಲ್ಲ. ಅದರಲ್ಲಿ ತಿರಸ್ಕಾರವಿರಲಿಲ್ಲ, ಕಾಯುವಿಕೆಯಿತ್ತು. ನಿನ್ನದು ನಿನ್ನ ಹತ್ತಿರವೇ ಇರಲಿ ಎಂದು ಹೇಳಲು ಮನುಷ್ಯರು ತಿರುಗಿಕೊಳ್ಳುವುದೂ ಉಂಟು. ಬಳಗದಲ್ಲಿ ಕೃತಜ್ಞತೆಗೂ ವೇಳಾಪಟ್ಟಿಯಿತ್ತು, ಬೆಳಗ್ಗೆ ಆರೂವರೆ, ಸಾಲಾಗಿ ಕೂತು, ಹಿರಿಯಣ್ಣನಿಗೆ, ಹಿರಿಯಣ್ಣನ ಹಿರಿಯಣ್ಣನಿಗೆ. ದಿನವೂ ಅದನ್ನು ಹೇಳಿ ಹೇಳಿ, ತನ್ನೊಳಗಿನ ಆ ಬಾವಿ ಎಂದೋ ಬತ್ತಿತೆಂದುಕೊಂಡಿದ್ದಳು. ಬುಧವಾರ ಹನ್ನೊಂದೂಕಾಲಿಗೆ, ಯಾರೂ ಕೇಳದೆ ಇರುವಾಗ, ಕಾಲರು ಎದ್ದ ಅಂಗಿಯ ಬೆನ್ನಿಗೆ ಅದು ಹೀಗೆ ಉಕ್ಕುತ್ತದೆಂದು ಯಾರು ಕಂಡಿದ್ದರು.

ಪಾಸ್‌ವರ್ಡು ಮಾತ್ರ ಬರಲೊಲ್ಲದು. ತನ್ನದೇ ಆದ ಒಂದು ಪದ ಬೇಕಿತ್ತು, ಅಷ್ಟೆ. ಹೊಳೆದದ್ದೆಲ್ಲ ಬಳಗದ್ದಾಗಿತ್ತು: ಹಾಡಿನ ಸಾಲು, ಹಬ್ಬದಂತೆ ಆಚರಿಸುತ್ತಿದ್ದ ಹಿರಿಯಣ್ಣನ ಹುಟ್ಟಿದ ದಿನ, ಪಡಸಾಲೆಯ ಹೆಸರು. ಐವತ್ತೊಂದು ವರ್ಷದ ತಲೆಯನ್ನು ಮನೆ ಖಾಲಿಮಾಡುವವರ ಹಾಗೆ ಮೂಲೆಮೂಲೆ ಹುಡುಕಿದಳು. ಮಾಮ ಎಣಿಸುವುದನ್ನು ಮುಗಿಸಿ ಮತ್ತೆ ಒಂದರಿಂದ ಶುರುಮಾಡಿದರು. ಕೊನೆಗೆ ಹಕ್ಕಿಯೊಂದರ ಹೆಸರು ಹೊಡೆದು, ಹಿಂದೆ ಮುಂದೆ ಏನೇನೋ ಅಂಟಿಸಿದಳು. ಯಾವ ಹಕ್ಕಿಯೆಂದು ಇಲ್ಲಿ ಹೇಳುವಂತಿಲ್ಲ; ಮಾಮ ಬೇಡವೆಂದಿದ್ದಾರೆ.

ಅದು ಕೊಟ್ಟ ಧೈರ್ಯವೇ ಇರಬೇಕು. ಮಧ್ಯಾಹ್ನ ಡಾಕ್ಟರು ಊಟಕ್ಕೆ ಹೋಗಿ, ಷಟರು ಅರ್ಧ ಎಳೆದು, ಮಾಮ ಪ್ರಿಂಟರಿನ ಹೊಟ್ಟೆಯೊಳಗೆ ಕೈಹಾಕಿ ಕೂತಿದ್ದಾಗ, ಅವಳು ಕೌಂಟರಿನ ಕೆಳಗಿಂದ ಚೀಲ ಎಳೆದು, ಚೀಲದಿಂದ ಹಳೇ ಲ್ಯಾಪ್‌ಟಾಪ್ ಎಳೆದಳು. ಹಳೇದೊಂದು ಮೇಲ್ ಇದೆ, ತೆಗೆದು ನೋಡಬೇಕಿತ್ತು ಎಂದಳು.

‘ಯಾರ ಮೇಲು?’

‘ನಂದೇ. ಅಂದ್ರೆ ಹೆಸರು ನಂದು, ನಮ್ಮೆಜಮಾನ್ರೂ ಓದ್ತಿದ್ರು. ಅಂದ್ರೆ ಅವರೆಲ್ಲ ಓದ್ತಿದ್ರು.’

ಮಾಮ ಕೈ ಒರೆಸಿಕೊಂಡು ಬಂದರು. ಪಾಸ್‌ವರ್ಡ್ ನೆನಪಿದೆಯಾ ಎಂದರು. ಅವಳು ಅದನ್ನು ಗಟ್ಟಿಯಾಗಿ ಹೇಳಲು ಬಾಯಿ ತೆರೆದಳು, ಅವರು ಎರಡೂ ಕಿವಿ ಮುಚ್ಚಿಕೊಂಡರು. ಬದಲಾಯಿಸಿರ್ತಾರೆ, ಆದ್ರೂ ನೋಡೋಣ ಎಂದು ಗೋಡೆಗೆ ತಿರುಗಿದರು. ಅವಳು ಹೊಡೆದಳು. ತೆರೆದುಕೊಂಡಿತು. ಮನಸ್ಸಿನೊಳಗಿನದನ್ನೆಲ್ಲ ತಿಳಿಯುತ್ತೇವೆ ಎಂದ ಸಂಸ್ಥೆ, ಬಿಟ್ಟುಹೋದವಳೊಬ್ಬಳ ಪಾಸ್‌ವರ್ಡ್ ಬದಲಾಯಿಸಬೇಕೆಂಬುದನ್ನು ಎಂಟು ತಿಂಗಳಲ್ಲಿ ತಿಳಿದಿರಲಿಲ್ಲ. ಎಲ್ಲರಿಗೂ ಒಂದೇ ಕೊಟ್ಟಿದ್ದರು ಎಂದು ಅವಳು ಸಮಜಾಯಿಷಿ ಕೊಟ್ಟಳು. ಮಾಮ ತಿರುಗಿ ಅವಳನ್ನು ನೋಡಿದರು. ಎಲ್ಲರಿಗೂ ಒಂದೇನಾ, ಹಾಗಾದ್ರೆ ನೀವು ಯಾರದ್ದು ಬೇಕಾದ್ರೂ ತೆಗೀಬಹುದಲ್ಲ ಎಂದು ತಮಾಷೆಗೆ ಅಂದು, ಅಂದದ್ದಕ್ಕೆ ತಾವೇ ಪೆಚ್ಚಾದರು. ಅವಳಿಗೆ ಅದು ಅದುವರೆಗೂ ಹೊಳೆದಿರಲಿಲ್ಲ. ಹಿರಿಯಣ್ಣನದು. ಗಂಡ ಈಗ ಯಾರಿಗೆ ಏನು ಬರೆಯುತ್ತಿದ್ದಾನೋ ಅದು. ಇಪ್ಪತ್ತೆರಡು ವರ್ಷ ಅವಳನ್ನು ಓದಿದವರನ್ನೆಲ್ಲ ಕೂತಲ್ಲೇ ಓದಬಹುದಿತ್ತು. ಬೆರಳ ತುದಿ ಜುಮ್ಮೆಂದಿತು. ಆಮೇಲೆ ಅವಳು ಫ್ರೇಮುಗಳ ಗೋಡೆಯ ಕಡೆ ಕತ್ತು ತಿರುಗಿಸಿದಳು. ‘ಬೇಡ’ ಎಂದಳು, ಮಾಮ ಏನೂ ಕೇಳದಿದ್ದರೂ.

ಮೊದಲು ಪಾಸ್‌ವರ್ಡ್ ಬದಲಾಯಿಸಿ, ಉಳಿದದ್ದು ಆಮೇಲೆ ಎಂದರು ಮಾಮ. ಅದಾದ ಮೇಲೆ ಸೆಟ್ಟಿಂಗ್ಸ್ ಒಳಗೆ ಹೋಗಿ ಇಣುಕಿ, ನಾಲಿಗೆಯಿಂದ ಲೊಚ್ ಎಂದು ಸದ್ದು ಮಾಡಿದರು. ಇಲ್ಲಿಗೆ ಬರುವ ಪ್ರತಿಯೊಂದರ ನಕಲು ಇನ್ನೊಂದು ವಿಳಾಸಕ್ಕೆ ತಾನಾಗಿ ಹೋಗುತ್ತಿತ್ತು. ‘ಇಲ್ಲೊಬ್ರು ಖಾಯಂ ಆಗಿ ಕೂತಿದಾರೆ ನೋಡಿ. ಎಬ್ಬಿಸೋಣ್ವಾ?’ ಎಂದರು. ವಿಳಾಸ ಹಿರಿಯಣ್ಣನದು. ಎಬ್ಬಿಸಿ ಎಂದಳು. ಮಾಮ ಲ್ಯಾಪ್‌ಟಾಪನ್ನು ಅವಳ ಕಡೆ ತಳ್ಳಿ, ನೀವೇ ಒತ್ತಿ ಎಂದರು.

ನೀವೇ ಒತ್ತಿ. ಅದೇ ಮಾತು. ಆರು ವರ್ಷದ ಹಿಂದೆ ಹಿರಿಯಣ್ಣ ಕುರ್ಚಿಯ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದರು, ಅವರ ಉಸಿರು ಅವಳ ನೆತ್ತಿಗೆ ತಾಗುತ್ತಿತ್ತು. ಗಂಡ ಪಕ್ಕದಲ್ಲಿ ನಿಂತು ಫ್ಯಾನಿನ ರೆಕ್ಕೆ ನೋಡುತ್ತಿದ್ದ. ಮಗಳು ಬಳಗ ಬಿಟ್ಟು ಹೋಗಿ ಮೂರು ತಿಂಗಳಾಗಿತ್ತು. ಅವಳಿಂದ ಮೊದಲ ಮೇಲ್ ಬಂದಿತ್ತು, ಹೊಸ ವಿಳಾಸದಿಂದ, ಅಕ್ಷರ ಅಂಕಿ ಕಲಸಿದಂಥ ಒಂದು ವಿಳಾಸ. ಮೇಲನ್ನು ತೆರೆಯಲು ಬಿಡಲಿಲ್ಲ. ‘ನಾನು ಒತ್ತಿದ್ರೆ ಅದು ಶಿಕ್ಷೆ ಆಗುತ್ತೆ, ಅಕ್ಕ. ನೀವೇ ಒತ್ತಿದ್ರೆ ಅದು ಪ್ರೀತಿ’ ಎಂದಿದ್ದರು ಹಿರಿಯಣ್ಣ, ಸಿಟ್ಟಿಲ್ಲದ ದನಿಯಲ್ಲಿ. ಅವಳು ಬ್ಲಾಕ್ ಎಂಬುದನ್ನು ಒತ್ತಿದ್ದಳು. ಯಾರೂ ಅವಳ ಕೈ ಹಿಡಿದು ಒತ್ತಿಸಲಿಲ್ಲ. ತೋರುಬೆರಳು ಅವಳದು, ಉಗುರು ಅವಳದು. ಹತ್ತೊಂಬತ್ತು ವರ್ಷದ ಮಗಳು ಒಂದು ಟಿಕ್ ಎಂಬ ಸದ್ದಿನಲ್ಲಿ ಹೋದಳು. ಆಮೇಲೆ ಅವಳು ಅಡುಗೆಮನೆಗೆ ಹೋಗಿ ಅರವತ್ತು ಜನರ ತರಕಾರಿ ಹೆಚ್ಚಿದಳು, ಒಂದೇ ಸಮನಾಗಿ. ಅವಳನ್ನು ಇವತ್ತಿಗೂ ಚುಚ್ಚುವುದು ಒತ್ತಿದ್ದಲ್ಲ. ಒತ್ತಿದ ಮೇಲೆ ಹಿರಿಯಣ್ಣ ‘ಚೆನ್ನಾಗಿ ಮಾಡಿದ್ರಿ’ ಎಂದಾಗ ಮೈಯೆಲ್ಲ ಹಗುರಾಗಿ, ಬಹುಮಾನ ಬಂದ ಮಗುವಿನ ಹಾಗೆ ಸಂತೋಷವಾಗಿತ್ತಲ್ಲ, ಅದು. ಅಳಿಸುವುದೆಂದರೆ ಒರೆಸಿಹಾಕುವುದೂ ಹೌದು, ಅಳುವಂತೆ ಮಾಡುವುದೂ ಹೌದು. ಅವಳು ಮೊದಲನೆಯದನ್ನು ಮಾಡಿ, ಎರಡನೆಯದು ಎಲ್ಲೋ ದೂರದ ಒಂದು ಬಾಡಿಗೆ ಕೋಣೆಯಲ್ಲಿ ಆಗುತ್ತಿರಬಹುದೆಂದು ಯೋಚಿಸದೆ ಇರಲು ಕಲಿತಿದ್ದಳು.

‘ಬೇಡಾಂದ್ರೆ ನಾನೇ ಒತ್ತೀನಿ’ ಎಂದರು ಮಾಮ, ಅವಳ ಮುಖ ನೋಡಿ.

‘ಇಲ್ಲ, ಇರಿ’ ಎಂದು ಒತ್ತಿದಳು. ಹಿರಿಯಣ್ಣ ಎದ್ದುಹೋದರು. ಸದ್ದು ಕೂಡ ಆಗಲಿಲ್ಲ.

ಒಳಗೆ ನಾಲ್ಕು ಸಾವಿರ ಮೇಲುಗಳಿದ್ದವು, ಎಲ್ಲ ಬಳಗದ ಸೂಚನೆಗಳು, ಉಪದೇಶಗಳು, ಉಪದೇಶಗಳಿಗೆ ತಿದ್ದುಪಡಿಗಳು. ಮಗಳದ್ದು ಒಂದೂ ಇಲ್ಲ. ಆಗ ಅವಳು ಮಾಮನಿಗೆ ಹೇಳಿದಳು, ಯಾರೂ ಕೇಳದೆ, ಶುಕ್ರವಾರವಲ್ಲದ ದಿನ: ನನ್ನ ಮಗಳನ್ನ ನಾನೇ ಬ್ಲಾಕ್ ಮಾಡಿದೆ, ಅವಳು ಬರೆದದ್ದೆಲ್ಲ ಎಲ್ಲಿ ಹೋಗಿರುತ್ತೆ ಎಂದು. ಮಾಮ ಕುತ್ತಿಗೆಯ ಕನ್ನಡಕವನ್ನು ಏರಿಸಿಕೊಂಡು ಕಸದ ಡಬ್ಬಿಯನ್ನು ತೆರೆದು ನೋಡಿದರು. ಬ್ಲಾಕ್ ಆದವರು ಬರೆದದ್ದು ಇಲ್ಲಿಗೆ ಬೀಳುತ್ತದೆ, ಮೂವತ್ತು ದಿನ ಇದ್ದು ತಾನಾಗಿ ಅಳಿಸಿಹೋಗುತ್ತದೆ ಎಂದು ವಿವರಿಸಿದರು. ಡಬ್ಬಿ ಖಾಲಿಯಿತ್ತು. ಅಳಿಸಿದ್ದು ವಾಪಸ್ ಬರುತ್ತಾ ಎಂದಳು. ಬರಲ್ಲಮ್ಮ ಎಂದರು. ಸಮಾಧಾನದ ಮಾತು ಸೇರಿಸಲಿಲ್ಲ. ಆರು ವರ್ಷದ ಮೇಲುಗಳು ಬಂದಿದ್ದವೋ, ಬಂದು ಮೂವತ್ತು ಮೂವತ್ತು ದಿನ ಕಾದು ಸತ್ತಿದ್ದವೋ, ಅಥವಾ ಮಗಳು ಒಂದೇ ಸಲಕ್ಕೆ ಸಾಕುಮಾಡಿದ್ದಳೋ, ಇನ್ನು ಯಾರಿಗೂ ಗೊತ್ತಾಗುವಂತಿರಲಿಲ್ಲ. ಮಗಳ ಫೋನಿಲ್ಲ, ಊರಿಲ್ಲ, ಆ ವಿಳಾಸವನ್ನು ತಾನು ನೋಡಿದ್ದು ಒಂದೇ ಸಲ, ನೀರು ತುಂಬಿದ ಕಣ್ಣಲ್ಲಿ. ಲ್ಯಾಪ್‌ಟಾಪ್ ಮುಚ್ಚಲು ಕೈಯೆತ್ತಿದಳು.

‘ತಡೀರಿ. ಬ್ಲಾಕ್ ಮಾಡಿದ್ದು ನೀವೇ ಅಂದ್ರಲ್ಲ? ಹಾಗಾದ್ರೆ ಪಟ್ಟಿ ಇರುತ್ತೆ.’

ಮಾಮ ಇನ್ನೂ ಒಳಗೆ, ಒಳಗಿನ ಒಳಗೆ ಹೋದರು. ಬ್ಲಾಕ್ ಆದವರ ಪಟ್ಟಿ ಎಂದೊಂದು ಪುಟ ತೆರೆಯಿತು. ಅದರಲ್ಲಿ ಒಂದೇ ಒಂದು ಸಾಲು. ಅಕ್ಷರ ಅಂಕಿ ಕಲಸಿದ್ದು. ಬಳಗದವರು ಮಗಳನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕಿದ್ದರು, ಗುಂಪಿನ ಫೋಟೋಗಳಿಂದ ಕತ್ತರಿಸಿದ್ದರು, ಅವಳು ಮಲಗುತ್ತಿದ್ದ ಜಾಗಕ್ಕೆ ಮೂರನೆಯ ದಿನವೇ ಬೇರೆಯವರನ್ನು ಹಾಕಿದ್ದರು. ಮನೆಯಲ್ಲಿ ಅವಳನ್ನು ಕರೆಯುತ್ತಿದ್ದ ‘ತರಲೆ’ ಎಂಬ ಹೆಸರನ್ನು ಯಾರೂ ಬಾಯಲ್ಲಿ ಎತ್ತಬಾರದೆಂದು ಆಜ್ಞೆಯಾಗಿತ್ತು. ಲೋಕದಲ್ಲಿ ಅವಳನ್ನು ಮರೆಯದೆ ಇಟ್ಟುಕೊಂಡದ್ದು ಇದೊಂದೇ ಪಟ್ಟಿ, ಅದೂ ಅವಳನ್ನು ಒಳಗೆ ಬಿಡಬಾರದೆಂಬ ಕಾರಣಕ್ಕೆ. ತನ್ನ ಬದುಕಿನ ಅತಿ ನೀಚ ಕೆಲಸದ ರಸೀದಿಯನ್ನು ಯಂತ್ರ ಆರು ವರ್ಷ ಜೋಪಾನವಾಗಿಟ್ಟು, ಒಂದು ಅಕ್ಷರ ಮುಕ್ಕಾಗದೆ ಕೈಗೆ ಕೊಟ್ಟಿತ್ತು. ಅವಳು ಯಂತ್ರಕ್ಕೆ ಕೈಮುಗಿಯಲು ಹೋಗಿ ಸುಮ್ಮನಾದಳು. ಮಾಮ ನೋಡಿದರೆ ಇದನ್ನೂ ರೀಸ್ಟಾರ್ಟ್ ಮಾಡಿಸಬಹುದು.

ಆ ಸಾಲಿನ ಬ್ಲಾಕನ್ನು ಅವಳೇ ಒತ್ತಿ ತೆಗೆದಳು. ಬರೆಯಲು ಕೂತಾಗ ಕೈ ತಾನಾಗಿ ‘ಆರು ವರ್ಷದ ತಪ್ಪುಗಳು’ ಎಂದು ಶುರುಮಾಡಿತು. ಹನ್ನೆರಡು ಸಾಲಾದ ಮೇಲೆ ಇದು ಚೀಟಿಯೆಂದು ಅವಳಿಗೇ ತಿಳಿದು, ಎಲ್ಲ ಒರೆಸಿದಳು. ಕೊನೆಗೆ ಕಳಿಸಿದ್ದು ಇಷ್ಟು: ನಾನು ಅಮ್ಮ. ಬಳಗ ಬಿಟ್ಟು ಎಂಟು ತಿಂಗಳಾಯಿತು. ಕನ್ನಡಕದ ಅಂಗಡಿಯಲ್ಲಿ ಕೆಲಸ. ನೀನು ಹೇಗಿದ್ದೀಯ?

ಮಾಮ ಆ ಮೇಲನ್ನು ಅವಳ ಫೋನಿಗೂ ಬರುವ ಹಾಗೆ ಮಾಡಿಕೊಟ್ಟು ಮತ್ತೆ ಪ್ರಿಂಟರಿನ ಹೊಟ್ಟೆಗೆ ಕೈಹಾಕಿದರು. ಡಾಕ್ಟರು ಬಂದರು, ಷಟರು ಮೇಲೆ ಹೋಯಿತು, ಗಿರಾಕಿಗಳು ಬಂದರು. ಮೂರೂವರೆಗೆ ಫೋನು ಕೌಂಟರಿನ ಮೇಲೆ ನಡುಗಿತು.

‘ಹಿರಿಯಣ್ಣನವರಿಗೆ ನಮಸ್ಕಾರ’ ಎಂದಿತ್ತು. ‘ಅಮ್ಮನ ಹೆಸರಲ್ಲಿ ಬರೆಯೋದು ಹೊಳೆಯೋಕೆ ಆರು ವರ್ಷ ಬೇಕಾಯ್ತಾ? ಸುಳ್ಳನ್ನಾದ್ರೂ ನೆಟ್ಟಗೆ ಹೇಳಿ. ನಮ್ಮಮ್ಮ ಹೇಗಿದ್ದೀಯ ಅಂತ ಕೇಳೋಳಲ್ಲ, ಊಟ ಆಯ್ತಾ ಅಂತ ಕೇಳೋಳು. ನಿಜವಾಗ್ಲೂ ಅಮ್ಮ ಆಗಿದ್ರೆ ಚೀಟಿಯಲ್ಲಿ ಇಲ್ಲದ್ದು ಒಂದು ಹೇಳಿ. ಇಲ್ಲಾಂದ್ರೆ ಮತ್ತೆ ಬರೀಬೇಡಿ, ಈ ಸಲ ಬ್ಲಾಕ್ ಮಾಡೋದು ನಾನು.’

ಅವಳು ಫೋನನ್ನು ಮಾಮನಿಗೆ ತೋರಿಸಿದಳು. ಫೋಟೋ ಕಳಿಸಿದರಾಗದೇ ಎಂದರು ಅವರು. ಅಂಥ ಫೋಟೋ ಬಳಗದವರ ಹತ್ತಿರವೂ ರಾಶಿ ಇದೆ ಎಂದಳು. ದನಿ ಕಳಿಸಿದರೆ? ಪಕ್ಕದಲ್ಲಿ ಹಿರಿಯಣ್ಣ ನಿಂತು ಹೇಳಿಸುತ್ತಿದ್ದಾರೆ ಅಂದುಕೊಳ್ಳುತ್ತಾಳೆ ಎಂದಳು. ಮಾಮ ತಲೆ ಕೆರೆದುಕೊಂಡರು. ‘ಇದಕ್ಕೆ ನನ್ನ ಹತ್ರ ಏನೂ ಇಲ್ಲ, ಕೌಂಟರಮ್ಮ. ಇದು ನೀವೇ ಹುಡುಕ್ಬೇಕು’ ಎಂದು ಚಹಾ ಕುಡಿದು ಬರ್ತೀನೆಂದು ಹೊರಟರು.

ಚೀಟಿಯಲ್ಲಿ ಇಲ್ಲದ್ದು. ಇಪ್ಪತ್ತೆರಡು ವರ್ಷಕ್ಕೆ ಸಾವಿರದ ನೂರು ಚೀಟಿಗಳಾದರೂ ಆಗಿರಬೇಕು. ಮಗಳಿಗೆ ಜ್ವರ ಬಂದಾಗ ಪ್ರಾರ್ಥನೆ ತಪ್ಪಿಸಿ ಪಕ್ಕದಲ್ಲಿ ಮಲಗಿದ್ದು, ಬರೆದಿದ್ದಳು. ಇಬ್ಬರೂ ಕದ್ದು ಐಸ್‌ಕ್ರೀಮ್ ತಿಂದದ್ದು, ಬರೆದಿದ್ದಳು; ಮಗಳಿಗೆ ಅದಕ್ಕೆ ಒಂದು ವಾರ ಬೆನ್ನು ಸಿಕ್ಕಿತ್ತು, ಆಗ ಅವಳಿಗೆ ಹತ್ತು ವರ್ಷ. ಮಗಳು ಮೊದಲ ಸಲ ಮುಟ್ಟಾದಾಗ ಕೇಳಿದ ಪ್ರಶ್ನೆ, ಕನ್ನಡಿ ನೋಡುತ್ತ ಗುನುಗಿದ ಹಾಡು, ‘ಅಮ್ಮ, ದೇವರಿಗೆ ನಮ್ಮನ್ನ ನೋಡಿ ಬೇಜಾರಾಗಲ್ವಾ’ ಎಂದದ್ದು. ಎಲ್ಲವನ್ನೂ ಒಂದೊಂದಾಗಿ ಹೊತ್ತುಕೊಂಡು ಹೋಗಿ ಒಪ್ಪಿಸಿದ್ದಳು. ಮನೆಯ ಸಾಮಾನನ್ನೆಲ್ಲ ತಾನೇ ಬೀದಿಗಿಟ್ಟು, ಈಗ ಕೂರಲು ಚಾಪೆ ಹುಡುಕುವವರ ಹಾಗೆ ಅವಳು ಖಾಲಿ ಗೋಡೆಗಳ ನಡುವೆ ಸುತ್ತಿದಳು. ಎದುರಿಗೆ ಒಬ್ಬಾಕೆ ಕನ್ನಡಿಯ ಮುಂದೆ ಕೂತು ಕಂದು ಫ್ರೇಮು ಹಾಕಿ, ತೆಗೆದು, ಕಪ್ಪು ಹಾಕುತ್ತಿದ್ದಳು. ಮೂಗಿನ ಹತ್ತಿರ ಸ್ವಲ್ಪ ಬಿಗಿಯಲ್ವಾ ಎಂದು ಕೇಳಿದಳು. ಸಡಿಲ ಮಾಡಿಕೊಡ್ತೀವಿ ಎಂದು ಫ್ರೇಮನ್ನು ಕೈಗೆ ತೆಗೆದುಕೊಂಡಾಗ ಅದರ ಕೀಲು, ಕೀಲಿನ ಸಣ್ಣ ಮೊಳೆ ಕಣ್ಣಿಗೆ ಬಿತ್ತು. ಅದರ ಹಿಂದೆಯೇ ನೆನಪಿಗೆ ಒಂದು ಬಕಲ್ಲು ಬಂತು, ತುಕ್ಕುಹಿಡಿದದ್ದು.

ಚಪ್ಪಲಿ. ಬಳಗದಲ್ಲಿ ಸಂಜೆಯಾದರೆ ಎಲ್ಲರ ಚಪ್ಪಲಿಗಳೂ ಒಂದು ಕೋಣೆಯೊಳಗೆ ಹೋಗಿ ಬೀಗ ಬೀಳುತ್ತಿತ್ತು; ಬೀಗದ ಕೈ ಸರದಿಯಲ್ಲಿ ಒಬ್ಬೊಬ್ಬರ ಸೊಂಟಕ್ಕೆ. ಮಗಳು ಹೋದ ವಾರದ ಸರದಿ ಅವಳದು. ಮಗಳು ನಾಲ್ಕು ದಿನದಿಂದ ಹೆಚ್ಚು ಮಾತಾಡುತ್ತಿರಲಿಲ್ಲ, ಹೆಚ್ಚು ಊಟ ಮಾಡುತ್ತಿದ್ದಳು; ದೂರ ಹೋಗುವವರು ಹಾಗೆ ತಿನ್ನುತ್ತಾರೆ. ಬೆಳಕು ಹರಿಯುವ ಮೊದಲೇ ಅವಳು ಎದ್ದು, ಕೋಣೆ ತೆರೆದು, ಮಗಳ ಚಪ್ಪಲಿ ಹುಡುಕಿ, ಕಿತ್ತುಬಂದಿದ್ದ ಬಕಲ್ಲನ್ನು ಗೋಣಿ ಹೊಲಿಯುವ ನೀಲಿ ದಾರದಲ್ಲಿ ಹೊಲಿದು, ಹಿತ್ತಿಲ ಬಾಗಿಲ ಹೊರಗೆ, ಮುಂಭಾಗ ಬೀದಿಯ ಕಡೆ ಮಾಡಿ ಇಟ್ಟು, ಬಂದು ಮಲಗಿ ಕಣ್ಣು ಮುಚ್ಚಿದ್ದಳು. ಸ್ವಲ್ಪ ಹೊತ್ತಿಗೆ ಬಾಗಿಲು ಕಿರ್ರೆಂದಿತು. ಒಂದು ಗಳಿಗೆ ನಿಶ್ಶಬ್ದ. ಆಮೇಲೆ ಚಪ್ಪಲಿಯ ಸದ್ದು. ವಿಚಾರಣೆಯಲ್ಲಿ ಅವಳು ಗೊತ್ತಿಲ್ಲ ಎಂದಳು. ಆ ಶುಕ್ರವಾರ ಚೀಟಿಯಲ್ಲಿ ಬೇರೆ ಏನೇನೋ ಬರೆದಳು, ಅದನ್ನು ಬರೆಯಲಿಲ್ಲ. ಮುಂದಿನ ಶುಕ್ರವಾರವೂ ಬರೆಯಲಿಲ್ಲ. ಒಪ್ಪಿಸದೆ ಉಳಿಸಿಕೊಂಡ ಆ ಒಂದು ಪಾಪಕ್ಕೆ ನರಕ ಖಂಡಿತವೆಂದು ಬೆವರುತ್ತಲೇ ಆರು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ಅದು ಪಾಪವಲ್ಲದೆ ಬೇರೇನಾದರೂ ಆಗಿರಬಹುದೆಂದು, ಕಂದು ಫ್ರೇಮು ಹಿಡಿದು ನಿಂತ ಈ ಹೊತ್ತಿನವರೆಗೂ ಅವಳಿಗೆ ಅನ್ನಿಸಿರಲಿಲ್ಲ.

ಅವಳು ಬರೆದಳು. ನೀನು ಹೋದ ಬೆಳಗ್ಗೆ ಹಿತ್ತಿಲಲ್ಲಿ ನಿನ್ನ ಚಪ್ಪಲಿ ಇಟ್ಟಿದ್ದು ನಾನು. ಬಕಲ್ಲನ್ನು ನೀಲಿ ದಾರದಲ್ಲಿ ಹೊಲಿದಿದ್ದೆ. ಮೂರು ತಿಂಗಳಾದ ಮೇಲೆ ನಿನ್ನನ್ನು ಬ್ಲಾಕ್ ಮಾಡಿದ್ದೂ ನಾನೇ, ನನ್ನ ಕೈಯಿಂದಲೇ. ಎರಡೂ ನಾನೇ. ಊಟ ಆಯ್ತಾ?

ಕಳಿಸಿ, ಫೋನನ್ನು ಕಣ್ಣೆದುರು ಇಟ್ಟುಕೊಳ್ಳಲಾಗದೆ ಮಗುಚಿಟ್ಟು, ಕನ್ನಡಿಯ ಮುಂದಿನ ಗಿರಾಕಿಗೆ ಇನ್ನೆರಡು ಫ್ರೇಮು ಇಳಿಸಿಕೊಟ್ಟಳು. ಅದು ನಡುಗಿದ್ದು ಮೂರನೆಯ ಫ್ರೇಮಿಗೆ.

‘ನಿನ್ನ ಹೊಲಿಗೆ ಬಸ್‌ಸ್ಟ್ಯಾಂಡ್ ತನಕಾನೂ ಬರ್ಲಿಲ್ಲ ಅಮ್ಮ. ಒಂದೇ ಕಾಲಿಗೆ ಚಪ್ಪಲಿ ಹಾಕ್ಕೊಂಡು ಬಸ್ ಹತ್ತಿದೆ, ಕಂಡಕ್ಟರ್ ಕೂಡ ನಕ್ಕ. ಆ ದಾರ ಇನ್ನೂ ನನ್ನ ಹತ್ರ ಇದೆ. ನಂಬರ್ ಕಳ್ಸು, ಈಗ್ಲೇ.’

ಅವಳು ಎರಡು ಸಲ ಓದಿದಳು, ಎರಡನೆಯ ಸಲ ಅಕ್ಷರಗಳು ನೀರಲ್ಲಿ ಅಲುಗಾಡಿದವು. ನಂಬರು ಹೊಡೆದು ಕಳಿಸಿದಳು. ಗಿರಾಕಿ ಕನ್ನಡಿಯಿಂದ ಅವಳ ಕಡೆ ತಿರುಗಿ ಏನಾದ್ರೂ ತೊಂದ್ರೇನಾ ಎಂದು ಕೇಳಿದಳು. ಇಲ್ಲ, ನನ್ನ ಮಗಳ ಫೋನ್ ಬರುತ್ತೆ ಈಗ, ನೀವು ಒಂದೈದು ನಿಮಿಷ ಇವನ್ನ ನೋಡ್ತಿರಿ ಎಂದಳು. ಆಕೆ ಇನ್ನೊಂದು ಫ್ರೇಮನ್ನು ಕೈಗೆತ್ತಿಕೊಂಡು, ಮಾತಿಗೆ ಮಾತು ಎಂಬಂತೆ, ಎಷ್ಟು ಜನ ಮಕ್ಕಳು ನಿಮಗೆ ಎಂದಳು. ಬಳಗದಲ್ಲಿ ಈ ಪ್ರಶ್ನೆಗೆ ಅವಳಿಗೆ ಕಲಿಸಿಕೊಟ್ಟಿದ್ದ ಉತ್ತರವೊಂದಿತ್ತು, ಯಾರೂ ಇಲ್ಲ ಎಂದು. ಆರು ವರ್ಷ ಅದನ್ನು ತಡವರಿಸದೆ ಹೇಳಿದ್ದಳು.

‘ಒಬ್ಳು’ ಎಂದಳು. ಫೋನು ಹೊಡೆದುಕೊಳ್ಳತೊಡಗಿತು.